ರಾತ್ರಿ ಕೆಮ್ಮುವ ಮುದಿನಾಯಿ: ಹೃದಯವೋ, ಗಂಟಲೋ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮದು ಮೂಡಿಗೆರೆ ತಾಲ್ಲೂಕಿನಲ್ಲಿ ಕಾಫಿ ತೋಟ. ಮನೆಯಲ್ಲಿ 11 ವರ್ಷದ ಪಮೇರಿಯನ್ ಹೆಣ್ಣುನಾಯಿ ಇದೆ, ತೂಕ 8 ಕೆ.ಜಿ. ಒಂದೂವರೆ ತಿಂಗಳಿಂದ ರಾತ್ರಿ ಹೊತ್ತು ಕೆಮ್ಮುತ್ತೆ. ಜಗಲಿಯ ನಾಲ್ಕು ಮೆಟ್ಟಿಲು ಹತ್ತಿದರೆ ನಿಂತುಬಿಡುತ್ತೆ. ಆಂಟಿಬಯಾಟಿಕ್ ಮತ್ತು ಸಿರಪ್ ಎರಡು ಸುತ್ತು ಆಯ್ತು, ಗುಣ ಕಾಣಲಿಲ್ಲ. ಮಳೆಗಾಲದ ಶೀತ ಅಂತ ಕೆಲವರು, ವಯಸ್ಸಾಯ್ತು ಬಿಡಿ ಅಂತ ಕೆಲವರು, ಹಾರ್ಟ್ ಇರಬೇಕು ಅಂತ ಒಬ್ಬರು. ಹಾಸನಕ್ಕೆ ಕರ್ಕೊಂಡು ಹೋಗೋ ಮುಂಚೆ ಮನೆಯಲ್ಲೇ ಏನಾದರೂ ಗೊತ್ತು ಮಾಡಿಕೊಳ್ಳಬಹುದಾ? ಐದು ವರ್ಷದ ಡಾಬರ್‌ಮನ್ ಕೂಡ ಇದೆ. ಅದಕ್ಕೂ ಈ ಕಾಯಿಲೆ ಬರುತ್ತಾ?

ಉತ್ತರ: ಇವತ್ತು ರಾತ್ರಿ ನಿಮಗಿರುವ ಕೆಲಸ ಒಂದೇ. ನಾಯಿಗೆ ಗಾಢ ನಿದ್ದೆ ಹತ್ತಿದ ಮೇಲೆ ಉಸಿರು ಎಣಿಸಿ. ಕೆಮ್ಮಿನ ವಿಚಾರಕ್ಕೆ ಆಮೇಲೆ ಬರೋಣ. ಹೃದಯ ಸೋಲುತ್ತಿದೆಯೇ ಇಲ್ಲವೇ ಎಂದು ತಿಳಿಯಲು ಹೊರಟವರನ್ನು ಕೆಮ್ಮಿನಷ್ಟು ದಾರಿ ತಪ್ಪಿಸುವ ಲಕ್ಷಣ ಇನ್ನೊಂದಿಲ್ಲ.

ಎಣಿಸುವ ಕ್ರಮ ಹೀಗೆ. ಎದೆ ಅಥವಾ ಅಳ್ಳೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಮೊಬೈಲಿನಲ್ಲಿ 30 ಸೆಕೆಂಡಿನ ಟೈಮರ್ ಇಟ್ಟು ಎಣಿಸಿ, ಬಂದದ್ದನ್ನು ಎರಡರಿಂದ ಗುಣಿಸಿ. ಪಮೇರಿಯನ್‌ಗೆ ಕೂದಲು ದಟ್ಟ, ಮಂದ ಬೆಳಕಿನಲ್ಲಿ ಎದೆಯ ಏರಿಳಿತ ಕಾಣುವುದಿಲ್ಲ. ಪಕ್ಕದಿಂದ, ನೆಲದ ಮಟ್ಟಕ್ಕೆ ಕೂತು ಅಳ್ಳೆಯನ್ನೇ ನೋಡಿ. ಇಲ್ಲವೇ ಒಂದು ನಿಮಿಷದ ವಿಡಿಯೋ ಮಾಡಿಕೊಂಡು ಆಮೇಲೆ ಎಣಿಸಿ, ವೈದ್ಯರಿಗೆ ತೋರಿಸಲೂ ಆಗುತ್ತದೆ. ಮುಟ್ಟಿ ಎಣಿಸಲು ಹೋದರೆ ನಾಯಿಗೆ ಎಚ್ಚರವಾಗಿ ಲೆಕ್ಕ ಕೆಡುತ್ತದೆ. ಕಾಲು ಅದುರುತ್ತಾ, ಕಣ್ಣುಗುಡ್ಡೆ ಓಡಾಡುತ್ತಾ ಇದ್ದರೆ ಅದು ಕನಸಿನ ನಿದ್ದೆ. ಆಗಿನ ಉಸಿರು ಲೆಕ್ಕಕ್ಕಿಲ್ಲ. ನಾಲಗೆ ಹೊರಹಾಕಿ ತೇಕುವಾಗಲೂ ಅಷ್ಟೇ. ಬಚ್ಚಲ ಹಂಡೆ ಒಲೆಯ ಪಕ್ಕ ಮಲಗುವ ಅಭ್ಯಾಸವಿದ್ದರೆ ಆ ಬಿಸಿಗೇ ಉಸಿರು ಏರಿರುತ್ತದೆ, ತಣ್ಣಗಿರುವ ಕೋಣೆಯಲ್ಲಿ ಮಲಗಿಸಿ ಎಣಿಸಿ.

ಆರೋಗ್ಯವಾಗಿರುವ ನಾಯಿ ನಿದ್ದೆಯಲ್ಲಿ ನಿಮಿಷಕ್ಕೆ ಸಾಮಾನ್ಯವಾಗಿ 15ರಿಂದ 25 ಸಲ ಉಸಿರಾಡುತ್ತದೆ, ಕೆಲವು ಇನ್ನೂ ಕಡಿಮೆ. ಗಡಿ 30 ಎಂದಿಟ್ಟುಕೊಳ್ಳಿ. ಒಮ್ಮೆ 32 ಬಂದರೆ ಗಾಬರಿ ಬೇಡ, ಒಂದು ಗಂಟೆ ಬಿಟ್ಟು ಮತ್ತೆ ಎಣಿಸಿ. ಮತ್ತೆ ಮತ್ತೆ 30 ದಾಟಿದರೆ ಮರುದಿನವೇ ವೈದ್ಯರಲ್ಲಿಗೆ ಹೊರಡಿ. ನಿದ್ದೆಯಲ್ಲೂ 40 ದಾಟಿದ್ದರೆ ಬೆಳಗಿನವರೆಗೆ ಕಾಯುವ ಹಾಗಿಲ್ಲ. ಮೂರ್ನಾಲ್ಕು ರಾತ್ರಿಯ ಲೆಕ್ಕವನ್ನು ದಿನಾಂಕದ ಸಮೇತ ಕ್ಯಾಲೆಂಡರಿನ ಮೇಲೆಯೇ ಬರೆದಿಡಿ. ಸದಾ 16 ಇದ್ದ ನಾಯಿ ಮೂರು ದಿನದಿಂದ 26ಕ್ಕೆ ಬಂದು ನಿಂತಿದ್ದರೆ, ಗಡಿ ದಾಟದಿದ್ದರೂ ಅದು ಸುದ್ದಿಯೇ.

ಈ ಲೆಕ್ಕಕ್ಕೆ ಇಷ್ಟು ಬೆಲೆ ಏಕೆ ಎಂದರೆ, ಸಣ್ಣ ಜಾತಿಯ ಮುದಿನಾಯಿಗಳಲ್ಲಿ ಹೃದಯ ಸೋಲುವ ದಾರಿ ಹೆಚ್ಚೂಕಡಿಮೆ ಒಂದೇ. ಹೃದಯದ ಎಡಭಾಗದಲ್ಲಿ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಮೈಟ್ರಲ್ ಎಂಬ ಕವಾಟವಿದೆ. ವಯಸ್ಸಾದಂತೆ ಅದು ದಪ್ಪಗಾಗಿ, ಗಂಟುಗಂಟಾಗಿ, ಸರಿಯಾಗಿ ಮುಚ್ಚಿಕೊಳ್ಳದೆ ಹೋಗುತ್ತದೆ. ಪ್ರತಿ ಬಡಿತಕ್ಕೂ ಸ್ವಲ್ಪ ರಕ್ತ ಹಿಂದಕ್ಕೆ ಸೋರಿ ಮೇಲಿನ ಕೋಣೆ ಹಿಗ್ಗುತ್ತದೆ. ಹಿಗ್ಗುವುದಕ್ಕೂ ಒಂದು ಮಿತಿ ಇದೆ. ಅದು ಮುಗಿದ ಮೇಲೆ ಒತ್ತಡ ಶ್ವಾಸಕೋಶದ ರಕ್ತನಾಳಗಳಿಗೆ ತಿರುಗಿ, ನಾಳದೊಳಗಿನ ನೀರು ಗಾಳಿಚೀಲಗಳಿಗೆ ಜಿನುಗುತ್ತದೆ. ಗಾಳಿಯ ಜಾಗದಲ್ಲಿ ನೀರು ನಿಂತಾಗ ನಾಯಿ ಮಾಡಬಹುದಾದ್ದು ಒಂದೇ, ಹೆಚ್ಚು ಸಲ ಉಸಿರಾಡುವುದು. ಹಗಲಲ್ಲಿ ಓಡಾಟ, ಉದ್ವೇಗ, ಸೆಕೆ ಎಲ್ಲ ಸೇರಿ ಇದನ್ನು ಮರೆಮಾಡುತ್ತವೆ. ನಿದ್ದೆಯಲ್ಲಿ ಮರೆಮಾಡಲು ಏನೂ ಇರುವುದಿಲ್ಲ. ಹಾಗಾಗಿ ನೀರು ತುಂಬತೊಡಗಿದ್ದು ನಾಯಿ ಸುಸ್ತಾಗುವುದಕ್ಕಿಂತ ಮುಂಚೆಯೇ, ಎಷ್ಟೋ ಸಲ ಕೆಲವು ದಿನ ಮೊದಲೇ, ಈ ಸಂಖ್ಯೆಯಲ್ಲಿ ಕಾಣಿಸುತ್ತದೆ.

ಈಗ ಕೆಮ್ಮು. ಹಿಗ್ಗಿದ ಹೃದಯ ಮೇಲಿರುವ ಉಸಿರು ಕೊಳವೆಯ ಕವಲನ್ನು ಒತ್ತುವುದರಿಂದ ಹೃದ್ರೋಗವಿರುವ ನಾಯಿ ಕೆಮ್ಮುವುದು ನಿಜ. ಆದರೆ ಪಮೇರಿಯನ್‌ಗಳಲ್ಲಿ ಉಸಿರು ಕೊಳವೆಯ ಉಂಗುರಗಳೇ ಸಡಿಲಗೊಂಡು ಕೊಳವೆ ಚಪ್ಪಟೆಯಾಗುವ ತೊಂದರೆ ಬಹಳ ಸಾಮಾನ್ಯ. ಆ ಕೆಮ್ಮು ಒಣಗಿದ್ದು, ಬಾತುಕೋಳಿ ಕೂಗಿದಂತೆ ಕೇಳುತ್ತದೆ. ಖುಷಿಯಾದಾಗ, ನೀರು ಕುಡಿದಾಗ, ಕುತ್ತಿಗೆಯ ಬೆಲ್ಟ್ ಜಗ್ಗಿದಾಗ ಹೆಚ್ಚುತ್ತದೆ. ಕೆಮ್ಮಿ ಮುಗಿದ ಮೇಲೆ ನಾಯಿ ಏನೂ ಆಗದವರಂತೆ ಓಡಾಡುತ್ತದೆ, ಮೈಕೈ ತುಂಬಿಕೊಂಡೇ ಇರುತ್ತದೆ, ನಿದ್ದೆಯ ಉಸಿರು 20ರ ಆಸುಪಾಸಿನಲ್ಲೇ ನಿಂತಿರುತ್ತದೆ. ಹೃದಯ ಸೋತ ನಾಯಿಯ ಕೆಮ್ಮಿನ ಜೊತೆ ಬೇರೆಯವೂ ಬರುತ್ತವೆ: ರಾತ್ರಿ ಮಲಗಿದ ಜಾಗ ಮತ್ತೆ ಮತ್ತೆ ಬದಲಿಸುವುದು, ಒಂದು ಮಗ್ಗುಲಾಗಿ ಮಲಗಲಾರದೆ ಎದ್ದು ಕೂರುವುದು, ಊಟ ಬೇಡವೆನ್ನುವುದು, ಬೆನ್ನು ಸೊಂಟದ ಮಾಂಸ ಕರಗುವುದು. ಎರಡೂ ಕಾಯಿಲೆ ಒಂದೇ ನಾಯಿಯಲ್ಲಿ ಇರುವುದೂ ಉಂಟು. ಕೊರಳಿನ ಬೆಲ್ಟ್ ಇದ್ದರೆ ಇವತ್ತೇ ಬಿಚ್ಚಿ ಎದೆಗೆ ಕಟ್ಟುವ ಹಾರ್ನೆಸ್ ಹಾಕಿ. ಬಚ್ಚಲ ಹೊಗೆಯಿಂದಲೂ ದೂರವಿಡಿ, ಹಸಿ ಸೌದೆಯ ಹೊಗೆಗೆ ಮುದಿ ಶ್ವಾಸಕೋಶ ಕೆಮ್ಮದೇ ಇರುವುದಿಲ್ಲ.

ಹಾಸನದ ದಾರಿ ಹಿಡಿಯುವ ಮುನ್ನ ಹತ್ತಿರದ ಪಶುವೈದ್ಯರಲ್ಲಿ ಒಂದು ಪ್ರಶ್ನೆ ಕೇಳಿ: “ಮರ್ಮರ್ ಇದೆಯಾ? ಇದ್ದರೆ ಎಷ್ಟನೇ ಗ್ರೇಡ್?” ಕವಾಟ ಸೋರುವಾಗ ಎಡ ಎದೆಯಲ್ಲಿ ಸ್ಟೆತಾಸ್ಕೋಪಿಗೆ ಸುಯ್ ಎಂಬ ಸದ್ದು ಕೇಳುತ್ತದೆ. ಅದನ್ನು 1ರಿಂದ 6ರವರೆಗೆ ಅಳೆಯುತ್ತಾರೆ. ಕವಾಟದ ಕಾಯಿಲೆಯಿಂದ ಸೋಲುವ ಹಂತಕ್ಕೆ ಬಂದ ಸಣ್ಣ ನಾಯಿಯಲ್ಲಿ ಈ ಸದ್ದು ಜೋರಾಗಿಯೇ ಇರುತ್ತದೆ. ನಿಮ್ಮ ಪಮೇರಿಯನ್‌ಗೆ ಮರ್ಮರ್ ಇಲ್ಲವೇ ಇಲ್ಲ ಎಂದಾದರೆ ಕೆಮ್ಮಿಗೆ ಬೇರೆ ಕಾರಣ ಹುಡುಕುವುದೇ ಸರಿ. ತಿರುಗುಮುರುಗಾಗಿ, ಮರ್ಮರ್ ಇದೆ ಎಂದ ಮಾತ್ರಕ್ಕೆ ಹೃದಯ ಸೋತಿದೆ ಎಂದಲ್ಲ; ಎಷ್ಟೋ ನಾಯಿಗಳು ಸದ್ದನ್ನು ಇಟ್ಟುಕೊಂಡೇ ವರ್ಷಗಟ್ಟಲೆ ಚೆನ್ನಾಗಿರುತ್ತವೆ. ಇನ್ನೊಂದು ಸುಳಿವು ಬಡಿತದಲ್ಲಿದೆ. ಸಮಾಧಾನವಾಗಿರುವ ನಾಯಿಯ ಹೃದಯ ಉಸಿರಿನ ಲಯಕ್ಕೆ ತಕ್ಕಂತೆ ನಿಧಾನ, ಬೇಗ, ನಿಧಾನ ಎಂದು ಬಡಿಯುವುದು ಸಹಜ, ಅದು ಒಳ್ಳೆಯ ಲಕ್ಷಣವೂ ಹೌದು. ಸೋಲುವ ಹೃದಯ ಈ ಏರಿಳಿತ ಬಿಟ್ಟು ವಿಶ್ರಾಂತಿಯಲ್ಲೂ ಒಂದೇ ಸಮನೆ ವೇಗವಾಗಿ ಓಡುತ್ತದೆ. ಎಡ ಮುಂಗಾಲಿನ ಮೊಣಕೈ ಹಿಂದೆ ಎದೆಯ ಮೇಲೆ ಅಂಗೈ ಇಟ್ಟರೆ ನಿಮಗೇ ತಿಳಿಯುತ್ತದೆ.

ತುಟಿ ಎತ್ತಿ ವಸಡು ನೋಡುವುದನ್ನೂ ರೂಢಿ ಮಾಡಿಕೊಳ್ಳಿ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳುಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಗೆ ಬರಬೇಕು. ನೀಲಿ ಅಥವಾ ಬೂದು ಬಣ್ಣವೆಂದರೆ ಆಮ್ಲಜನಕ ಸಾಲುತ್ತಿಲ್ಲ. ಆದರೆ ಅದು ಕೊನೆಯಲ್ಲಿ ಬರುವ ಲಕ್ಷಣ. ವಸಡು ಗುಲಾಬಿಯಾಗಿದೆ ಎಂದು ನೆಮ್ಮದಿಯಾಗಿ ಕೂರಬೇಡಿ. ಕಾಗದದಂತೆ ಬಿಳಿಯಾಗಿದ್ದರೆ ನಮ್ಮ ಮಲೆನಾಡಿನಲ್ಲಿ ಮೊದಲು ನೆನಪಾಗಬೇಕಾದ್ದು ಉಣುಗಿನ ಜ್ವರ. ಎರ್ಲಿಕಿಯಾ, ಬಬೇಸಿಯಾ ಎರಡೂ ಉಣುಗಿನಿಂದ ಬಂದು ರಕ್ತ ಕಡಿಮೆ ಮಾಡುತ್ತವೆ. ರಕ್ತ ಕಡಿಮೆಯಾದ ನಾಯಿಗೂ ಸುಸ್ತು, ಏದುಸಿರು, ಬೇಗ ಬಡಿಯುವ ಹೃದಯ, ಕೆಲವೊಮ್ಮೆ ಮೆಲುವಾದ ಮರ್ಮರ್ ಕೂಡ ಇರುತ್ತದೆ. ಹಾಗಾಗಿ ಹೃದ್ರೋಗವೆಂದು ತಪ್ಪು ತಿಳಿಯುವುದು ಸುಲಭ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ: 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. 103 ದಾಟಿದ್ದರೆ ಹೃದಯಕ್ಕಿಂತ ಮೊದಲು ಸೋಂಕಿನ ಕಡೆ ನೋಡಬೇಕು. ರಕ್ತಪರೀಕ್ಷೆಯಲ್ಲಿ ಮೈಕ್ರೊಫೈಲೇರಿಯಾ ಎಂಬ ಹುಳುವಿನ ಮರಿಗಳು ಕಂಡವು ಎಂದರೆ ತಕ್ಷಣ ಹೃದಯದ ಹುಳು ಎಂದುಕೊಳ್ಳಬೇಡಿ. ಸೊಳ್ಳೆಯಿಂದ ಬರುವ ಈ ಹುಳುಗಳಲ್ಲಿ ಡೈರೊಫೈಲೇರಿಯಾ ಇಮಿಟಿಸ್ ಹೃದಯ ಮತ್ತು ಶ್ವಾಸಕೋಶದ ನಾಳ ಸೇರುತ್ತದೆ, ಡೈರೊಫೈಲೇರಿಯಾ ರೆಪೆನ್ಸ್ ಚರ್ಮದಡಿ ಬದುಕುತ್ತದೆ. ಯಾವುದೆಂದು ಕೇಳಿ ತಿಳಿದುಕೊಳ್ಳಿ.

ಬಿದ್ದುಬಿಡುವುದು ಇನ್ನೊಂದು ಗೊಂದಲದ ಲಕ್ಷಣ. ಹೃದಯದಿಂದ ಬರುವ ಬವಳಿ ಓಡಿದಾಗ, ಮನೆಯವರು ಬಂದ ಸಂಭ್ರಮದಲ್ಲಿ ಅಥವಾ ಜೋರಾಗಿ ಕೆಮ್ಮಿದ ಬೆನ್ನಿಗೇ ಬರುತ್ತದೆ. ನಾಯಿ ಸಡಿಲವಾಗಿ ಮಗ್ಗುಲಿಗೆ ಬೀಳುತ್ತದೆ, ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಎದ್ದು ಮಾಮೂಲಿನಂತಾಗುತ್ತದೆ. ಫಿಟ್ಸ್ ಬಂದರೆ ಮೈ ಸೆಟೆದು, ಕಾಲು ಈಜುವಂತೆ ಬಡಿದು, ಜೊಲ್ಲು ಸುರಿದು, ಮುಗಿದ ಮೇಲೂ ಬಹಳ ಹೊತ್ತು ದಿಕ್ಕುತೋಚದಂತೆ ಅಲೆಯುತ್ತದೆ. ಉಚ್ಚೆ ಹೋಗುವುದು ಎರಡರಲ್ಲೂ ಇರಬಹುದು, ಅದನ್ನು ನೆಚ್ಚಿಕೊಳ್ಳಬೇಡಿ. ಆ ಹೊತ್ತಿನ ವಿಡಿಯೋ ಒಂದಿದ್ದರೆ ವೈದ್ಯರಿಗೆ ಅರ್ಧ ಉತ್ತರ ಸಿಕ್ಕಂತೆ.

ಹೃದಯದ ಬಲಭಾಗ ಸೋತರೆ ನೀರು ಶ್ವಾಸಕೋಶದ ಬದಲು ಹೊಟ್ಟೆಯಲ್ಲಿ ನಿಲ್ಲುತ್ತದೆ. ಬೆನ್ನು ಸಣಕಲಾಗಿ ಹೊಟ್ಟೆ ಮಾತ್ರ ಉಬ್ಬುವುದನ್ನು ಮನೆಯವರು “ದಪ್ಪ ಆಗಿದೆ” ಎಂದುಕೊಳ್ಳುವುದೇ ಹೆಚ್ಚು. ವಾರಕ್ಕೊಮ್ಮೆ ತೂಗಿ ನೋಡಿ. ತೋಟದಲ್ಲಿ ಹಣ್ಣು ತೂಗುವ ಸ್ಕೇಲ್ ಇದ್ದೇ ಇರುತ್ತದೆ. ಬುಟ್ಟಿಯಲ್ಲಿ ಕೂರಿಸಿ ತೂಗಿ, ಬುಟ್ಟಿಯ ತೂಕ ಕಳೆಯಿರಿ. 8 ಕೆ.ಜಿ.ಯ ನಾಯಿ ಒಂದೇ ವಾರದಲ್ಲಿ ಅರ್ಧ ಕೆ.ಜಿ. ಏರಿತೆಂದರೆ ಅದು ತಿಂದ ಅನ್ನದ ತೂಕವಲ್ಲ, ಬಹುಪಾಲು ನೀರಿನದು. ಉಬ್ಬಿದ ಹೊಟ್ಟೆಗೆ ಲಿವರ್ ಕಾಯಿಲೆ, ಗಡ್ಡೆ, ಗರ್ಭಕೋಶದ ಕೀವು ಕೂಡ ಕಾರಣವಿರಬಹುದು. ನಿಮ್ಮದು ಹೆಣ್ಣುನಾಯಿ, ಸಂತಾನಹರಣ ಆಗಿರದಿದ್ದರೆ ಈ ಕೊನೆಯದನ್ನು ಮರೆಯುವಂತಿಲ್ಲ.

ಕೊಡಬಾರದ್ದರ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು, ಏಕೆಂದರೆ ಕಾಯಿಲೆಗಿಂತ ಔಷಧವೇ ನಾಯಿಯನ್ನು ಬೇಗ ಕೆಡಿಸುವುದುಂಟು. ಸುಸ್ತಾಗಿದೆ, ಊಟ ಬಿಟ್ಟಿದೆ ಎಂದು ಗ್ಲೂಕೋಸ್ ಅಥವಾ ಸಲೈನ್ ಡ್ರಿಪ್ ಹಾಕಿಸುವುದು ನಮ್ಮಲ್ಲಿ ಮಾಮೂಲು. ಮೊದಲೇ ನೀರು ತಡೆದುಕೊಳ್ಳಲಾರದ ಹೃದಯಕ್ಕೆ ನಾಳದ ಮೂಲಕ ಇನ್ನಷ್ಟು ನೀರು ಹೋದರೆ ಅದು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಡ್ರಿಪ್ ಹಾಕುವ ಮುನ್ನ “ಎದೆ ಕೇಳಿದಿರಾ?” ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ. ಕೆಮ್ಮು ನಿಲ್ಲಲಿ ಎಂದು ಅಂದಾಜಿನ ಮೇಲೆ ಕೊಡುವ ಸ್ಟಿರಾಯ್ಡ್ ಕೂಡ ಮೈಯಲ್ಲಿ ನೀರು ಹಿಡಿದಿಡುತ್ತದೆ. ಮನುಷ್ಯರ ನೆಗಡಿ–ಕೆಮ್ಮಿನ ಸಿರಪ್ಪಿನಲ್ಲಿ ಫಿನೈಲೆಫ್ರಿನ್‌ನಂಥದ್ದು ಇದ್ದರೆ ರಕ್ತದೊತ್ತಡ ಏರುತ್ತದೆ. ಸಕ್ಕರೆಯಿಲ್ಲದ ಸಿರಪ್ಪುಗಳಲ್ಲಿ ಕೆಲವೊಮ್ಮೆ ಹಾಕುವ ಕ್ಸೈಲಿಟಾಲ್ ನಾಯಿಗೆ ವಿಷ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆ ಯಾವ ನಾಯಿಗೂ ಬೇಡ. ಕೀಲುನೋವಿಗೆ ಮೊದಲೇ ಮೆಲಾಕ್ಸಿಕಾಮ್ ನಡೆಯುತ್ತಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಹೃದಯದ ಮಾತ್ರೆಗಳ ಜೊತೆ ಅದು ಸೇರಿದರೆ ಕಿಡ್ನಿಗೆ ಪೆಟ್ಟು.

ಮರ್ಮರ್ ಇದೆ ಎಂದಾದರೆ ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಎಕ್ಸ್‌ರೇ ಇರುವ ಬೇರೆ ಕ್ಲಿನಿಕ್ಕಿಗೋ ಫೋನ್ ಮಾಡಿ, ಎದೆಯ ಎಕ್ಸ್‌ರೇ ಮತ್ತು ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡುವವರು ಯಾವ ದಿನ ಇರುತ್ತಾರೆ ಎಂದು ಕೇಳಿಕೊಂಡೇ ಹೊರಡಿ. ಎಕ್ಸ್‌ರೇಯಲ್ಲಿ ಹೃದಯದ ಉದ್ದ ಅಗಲವನ್ನು ಬೆನ್ನುಮೂಳೆಯ ಮಣಿಗಳ ಲೆಕ್ಕದಲ್ಲಿ ಅಳೆಯುತ್ತಾರೆ, 10.5 ಮಣಿಗಿಂತ ದೊಡ್ಡದಾಗಿದ್ದರೆ ಹಿಗ್ಗಿದೆ ಎಂದು ಅನುಮಾನ, ಕೆಲವು ತಳಿಗಳಿಗೆ ಮಿತಿ ಬೇರೆ. ನೀರು ತುಂಬಿದೆಯೇ, ಉಸಿರು ಕೊಳವೆ ಚಪ್ಪಟೆಯಾಗಿದೆಯೇ ಎರಡೂ ಅದರಲ್ಲೇ ತಿಳಿಯುತ್ತವೆ. ಏದುಸಿರು ಬಿಡುತ್ತಿರುವ ನಾಯಿಯನ್ನು ಮಾತ್ರ ಎಕ್ಸ್‌ರೇಗಾಗಿ ಅಂಗಾತ ಮಲಗಿಸಬಾರದು, ಮೊದಲು ಆಮ್ಲಜನಕ ಕೊಟ್ಟು ಉಸಿರು ತಹಬಂದಿಗೆ ತರಬೇಕು. ಎಕೋದಲ್ಲಿ ಎಡ ಮೇಲ್ಕೋಣೆ ಪಕ್ಕದ ಮಹಾಧಮನಿಯ 1.6 ಪಟ್ಟು ಅಥವಾ ಹೆಚ್ಚಿದ್ದು, ಕೆಳಕೋಣೆಯೂ ಹಿಗ್ಗಿದ್ದರೆ, ಇನ್ನೂ ನೀರು ತುಂಬದ ಆ ಹಂತದಲ್ಲೇ ಹೃದಯದ ಬಡಿತಕ್ಕೆ ಬಲ ಕೊಡುವ ಪಿಮೊಬೆಂಡಾನ್ ಮಾತ್ರೆ ಶುರುಮಾಡುತ್ತಾರೆ. ಆ ಹಂತದ ನಾಯಿಗಳಲ್ಲಿ ಈ ಔಷಧ ಹೃದಯ ಸೋಲುವುದನ್ನು ಸರಾಸರಿ 15 ತಿಂಗಳು ಮುಂದೂಡಿತು ಎಂದು 2016ರಲ್ಲಿ ಪ್ರಕಟವಾದ ‘ಎಪಿಕ್’ ಅಧ್ಯಯನ ತೋರಿಸಿದೆ. ಹಾಗಾಗಿ ‘ಇನ್ನೂ ಚೆನ್ನಾಗಿದೆಯಲ್ಲ’ ಎನ್ನುವಾಗಲೇ ಎಕೋ ಮಾಡಿಸುವುದು ದುಂದುವೆಚ್ಚವಲ್ಲ.

ನೀರು ತುಂಬಿದ್ದು ಖಚಿತವಾದರೆ, ಆ ನೀರನ್ನು ಉಚ್ಚೆಯ ಮೂಲಕ ಹೊರಹಾಕಿಸುವ ಫ್ಯೂರೋಸಮೈಡ್ ಸೇರುತ್ತದೆ, ಜೊತೆಗೆ ಸಾಮಾನ್ಯವಾಗಿ ಸ್ಪೈರೊನೊಲ್ಯಾಕ್ಟೋನ್ ಮತ್ತು ಬೆನಾಜೆಪ್ರಿಲ್ ಅಥವಾ ಎನಲಾಪ್ರಿಲ್. ಡೋಸ್ ತೂಕದ ಮೇಲೆ, ಕಿಡ್ನಿಯ ಸ್ಥಿತಿಯ ಮೇಲೆ ನಿಲ್ಲುವುದರಿಂದ ಪಕ್ಕದ ತೋಟದವರ ನಾಯಿಯ ಚೀಟಿ ನೋಡಿ ಕೊಡಬೇಡಿ. ಮನೆಯಲ್ಲಿ ನೀವು ನೋಡಬೇಕಾದ್ದು ಬೇರೆ. ಪಿಮೊಬೆಂಡಾನ್ ಊಟಕ್ಕೆ ಒಂದು ಗಂಟೆ ಮುಂಚೆ, ದಿನಕ್ಕೆ ಎರಡು ಹೊತ್ತು. ಫ್ಯೂರೋಸಮೈಡ್ ಕೊಟ್ಟ ಒಂದೆರಡು ದಿನದಲ್ಲಿ ನಿದ್ದೆಯ ಉಸಿರು 30ರ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಡೋಸ್ ಸಾಲದು ಅಥವಾ ರೋಗನಿರ್ಣಯವೇ ತಪ್ಪಿರಬಹುದು. ನಾಯಿ ಬಹಳ ನೀರು ಕುಡಿದು ಬಹಳ ಉಚ್ಚೆ ಹೋಗುತ್ತದೆ, ಮನೆಯೊಳಗೂ ಹೋದೀತು. ಅದಕ್ಕಾಗಿ ನೀರಿನ ಬಟ್ಟಲು ಎತ್ತಿಡುವುದು ದೊಡ್ಡ ತಪ್ಪು, ಕಿಡ್ನಿ ಒಣಗುತ್ತದೆ. ಔಷಧ ಶುರುವಾದ ಎರಡು ವಾರದೊಳಗೆ ಕಿಡ್ನಿ ಮತ್ತು ಪೊಟ್ಯಾಸಿಯಂ ರಕ್ತಪರೀಕ್ಷೆ ಆಗಬೇಕು. ಉಸಿರು ಸರಿಹೋಯ್ತು ಎಂದು ಮಾತ್ರೆ ನಿಲ್ಲಿಸಿದರೆ ಮತ್ತೆ ಕೆಲವೇ ದಿನದಲ್ಲಿ ಅಲ್ಲಿಗೇ ಬಂದು ನಿಲ್ಲುತ್ತೀರಿ. ಸರಿಯಾಗಿ ಔಷಧ ನಡೆದರೆ ಹಲವು ನಾಯಿಗಳು ಸೋಲು ಕಾಣಿಸಿಕೊಂಡ ಮೇಲೂ ಒಂದು ವರ್ಷದ ಆಸುಪಾಸು, ಕೆಲವು ಇನ್ನೂ ಹೆಚ್ಚು, ಉಂಡು ಓಡಾಡಿಕೊಂಡಿರುತ್ತವೆ.

ಊಟದಲ್ಲಿ ಉಪ್ಪು ಬಿಡಿ, ಮಾಂಸ ಬಿಡಿಸಬೇಡಿ. ಒಣಮೀನು, ಹಪ್ಪಳ, ಬ್ರೆಡ್, ಬಿಸ್ಕತ್ತು, ಮನೆಯ ಸಾರು ಕಲಸಿದ ಅನ್ನ ಇವೆಲ್ಲ ಉಪ್ಪಿನ ದಾರಿಗಳು. ಕೋಳಿ ಬೇಯಿಸುವಾಗ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕುವ ಮೊದಲೇ ನಾಯಿಯ ಪಾಲು ತೆಗೆದಿಡಿ. ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನೇ ಒಡೆಯುತ್ತವೆ. ಮಾತ್ರೆ ನುಂಗಿಸಲು ಚೀಸ್ ಬೇಡ; ಬಾಳೆಹಣ್ಣಿನ ತುಂಡು ಅಥವಾ ಉಪ್ಪಿಲ್ಲದ ಮನೆಬೆಣ್ಣೆ ಸಾಕು. ಈ ಕಾಯಿಲೆಯಲ್ಲಿ ಮಾಂಸಖಂಡ ಕರಗುವುದೇ ನಾಯಿಯನ್ನು ಸೋಲಿಸುವುದರಿಂದ, ಬೆಚ್ಚಗೆ, ಸ್ವಲ್ಪ ಸ್ವಲ್ಪವಾಗಿ, ಮೂರ್ನಾಲ್ಕು ಸಲ ಹಾಕಿ.

ತುರ್ತು ಸ್ಥಿತಿ ಹೇಗಿರುತ್ತದೆ ಎಂದು ಮನೆಯವರಿಗೆಲ್ಲ ಗೊತ್ತಿರಲಿ. ಮೊಣಕೈ ಹೊರಚಾಚಿ, ಕತ್ತು ಮುಂದೆ ನೀಡಿ ಕೂತಿರುತ್ತದೆ, ಮಲಗಲು ಒಪ್ಪುವುದಿಲ್ಲ, ಪ್ರತಿ ಉಸಿರಿಗೂ ಹೊಟ್ಟೆ ಎಳೆಯುತ್ತದೆ, ಮೂಗು ಬಾಯಲ್ಲಿ ನಸುಗೆಂಪು ನೊರೆ ಕಾಣಬಹುದು. ಆಗ ಬ್ರಾಂದಿ, ಕಾಳುಮೆಣಸಿನ ಕಷಾಯ, ನೀರು ಏನನ್ನೂ ಬಾಯಿಗೆ ಹುಯ್ಯಬೇಡಿ, ಉಸಿರು ಕೊಳವೆಗೆ ಹೋಗುತ್ತದೆ. ಎದೆಗವಚಿಕೊಂಡು ಎತ್ತಬೇಡಿ. ಅದಕ್ಕೆ ಹೇಗೆ ಕೂತರೆ ಹಗುರವೋ ಹಾಗೇ ಕೂರಲು ಬಿಟ್ಟು, ಜೀಪಿನ ಕಿಟಕಿ ತೆಗೆದು ಹೊರಡಿ. ಒಬ್ಬರು ದಾರಿಯಲ್ಲೇ ಫೋನ್ ಮಾಡಿ, ಆಮ್ಲಜನಕ ಸಿದ್ಧವಿರಲಿ ಎಂದು ತಿಳಿಸಲಿ. ಮಳೆಗಾಲದಲ್ಲಿ ರಸ್ತೆಗೆ ಮರ ಬೀಳುವ, ನೆಟ್‌ವರ್ಕ್ ಹೋಗುವ ಊರು ನಿಮ್ಮದು. ಹಾಗಾಗಿ ಔಷಧ ಶುರುವಾದ ದಿನವೇ “ರಾತ್ರಿ ಉಸಿರು 40 ದಾಟಿದರೆ ಫ್ಯೂರೋಸಮೈಡ್ ಎಷ್ಟು ಹೆಚ್ಚುವರಿ ಕೊಡಲಿ?” ಎಂದು ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿ.

ಡಾಬರ್‌ಮನ್ ವಿಚಾರ ಬೇರೆಯೇ. ಅದರಲ್ಲಿ ಕೆಡುವುದು ಕವಾಟವಲ್ಲ, ಹೃದಯದ ಸ್ನಾಯು. ಗೋಡೆ ತೆಳುವಾಗಿ, ಕೋಣೆ ಹಿಗ್ಗಿ, ಬಡಿತದ ಲಯ ತಪ್ಪುತ್ತದೆ. ವಂಶಪಾರಂಪರ್ಯವಾಗಿ ಬರುವ ಈ ಕಾಯಿಲೆಯಲ್ಲಿ ಮರ್ಮರ್ ಇಲ್ಲದೆಯೂ ಇರಬಹುದು, ಕೆಮ್ಮಂತೂ ಬೇಕಿಲ್ಲ. ಗಟ್ಟಿಮುಟ್ಟಾಗಿ ಕಾಣುವ ನಾಯಿ ಓಡುತ್ತಿದ್ದಂತೆಯೇ ಕುಸಿಯುವುದೇ ಮೊದಲ ಲಕ್ಷಣವಾಗಬಹುದು, ಕೆಲವೊಮ್ಮೆ ಅದೇ ಕೊನೆಯದೂ. ಅದಕ್ಕೇ ಮೂರು ವರ್ಷದಿಂದ ಮುಂದೆ ವರ್ಷಕ್ಕೊಮ್ಮೆ ಎಕೋ ಮತ್ತು 24 ಗಂಟೆಯ ಹೋಲ್ಟರ್ ಇ.ಸಿ.ಜಿ. (ಮೈಗೆ ಕಟ್ಟಿ ಇಡೀ ದಿನದ ಬಡಿತ ದಾಖಲಿಸುವ ಯಂತ್ರ) ಮಾಡಿಸಬೇಕು ಎನ್ನುತ್ತಾರೆ. ಹೋಲ್ಟರ್ ಸೌಲಭ್ಯ ಸಿಗದಿದ್ದರೆ ಮಾಮೂಲಿ ಇ.ಸಿ.ಜಿ.ಯನ್ನು ಐದು ನಿಮಿಷ ಓಡಿಸಿಕೊಂಡರೂ ಒಂದಷ್ಟು ತಿಳಿಯುತ್ತದೆ, ಆದರೆ ಅದರಲ್ಲಿ ಏನೂ ಕಾಣಲಿಲ್ಲವೆಂದು ಕಾಯಿಲೆ ಇಲ್ಲ ಎನ್ನಲಾಗದು. ಧಾನ್ಯವಿಲ್ಲದ, ಬಟಾಣಿ–ಬೇಳೆ ತುಂಬಿದ ದುಬಾರಿ ಪೊಟ್ಟಣದ ಆಹಾರ ಹಾಕುತ್ತಿದ್ದರೆ ಬದಲಿಸುವುದು ಒಳ್ಳೆಯದು. ಅಂಥ ಆಹಾರಕ್ಕೂ ಹೃದಯಸ್ನಾಯುವಿನ ಕಾಯಿಲೆಗೂ ನಂಟಿರಬಹುದೆಂದು ಅಮೆರಿಕದ ಆಹಾರ–ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಸಿತ್ತು, ಕಾರಣ ಇನ್ನೂ ಪೂರ್ತಿ ಬಗೆಹರಿದಿಲ್ಲ. ಇದರ ಉಸಿರನ್ನೂ ತಿಂಗಳಿಗೊಮ್ಮೆ ಎಣಿಸಿ ಬರೆದಿಡಿ. ಒಂದೇ ಒಂದು ಸಲ ಬವಳಿ ಬಂದು ಬಿದ್ದರೂ, ಎದ್ದು ಬಾಲ ಆಡಿಸಿದರೂ, ಅದೇ ದಿನ ಇ.ಸಿ.ಜಿ. ಮಾಡಿಸಿ, ಅಲ್ಲಿಯವರೆಗೆ ತೋಟದಲ್ಲಿ ಓಡಲು ಬಿಡಬೇಡಿ.